ರಬ್ಬರ್ ಆನೆಯ ಕಿವಿ

"ಹರೀಲಿಲ್ಲ ನೋಡ್ರಿ ಮೇಡಂ!" ಪ್ರಯೋಗಾಲಯದ ಸಹಾಯಕಿ ದಿಲನಾಜ ಕೂಗಿಯೇಬಿಟ್ಟಳು.

ಯಂತ್ರದ ಎರಡು ಹಿಡಿಕೆಗಳ ನಡುವೆ ಕೆಂಪು ರಬ್ಬರ್ ಪಟ್ಟಿ ಗೇಣುದ್ದ ಹಿಗ್ಗಿ ಹಾಗೇ ನಿಂತಿತ್ತು. ಅದರ ಜೊತೆಗೇ ವಾರಗಟ್ಟಲೆ ಓವನ್ನಿನಲ್ಲಿ ಕಾದು ಬಂದಿದ್ದ ಇನ್ನೊಂದು ಪಟ್ಟಿ, ಏನೂ ಬೆರೆಸದ್ದು, ಎಳೆಯುತ್ತಲೇ ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ರಂಜನಾ ತನ್ನ ಕಣ್ಣು ತುಂಬಿದ್ದನ್ನು ಮೆಣಸಿನ ಘಾಟಿನ ಮೇಲೆ ಹಾಕಿದಳು. ಬ್ಯಾಡಗಿಯಲ್ಲಿ ಅದೊಂದು ಅನುಕೂಲ, ಯಾರೂ ಯಾಕೆಂದು ಕೇಳುವುದಿಲ್ಲ.

ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುತ್ತಾರೆ. ಉಳಿಯುವ ಹಿಪ್ಪೆಯಲ್ಲೂ ಒಂದು ಸತ್ವವಿದೆ, ಅದನ್ನು ಬೆರೆಸಿದರೆ ರಬ್ಬರಿಗೆ ಬೇಗ ಮುಪ್ಪು ಬರುವುದಿಲ್ಲ ಎಂದು ಹಟ ಹಿಡಿದವಳು ರಂಜನಾ. ಮೇಲಿನವರು, "ಟೈರಿಗೆ ಒಗ್ಗರಣಿ ಕೊಡ್ತೀರೇನ್ರಿ?" ಎಂದು ನಕ್ಕಿದ್ದರು.

ಈ ಹಟ ಎಲ್ಲಿಂದ ಬಂತೆಂದು ಅವಳು ಯಾರಿಗೂ ಹೇಳಿರಲಿಲ್ಲ. ರಾಣೆಬೆನ್ನೂರಿನ ಮನೆಯ ಕಪಾಟಿನಲ್ಲಿ ಒತ್ತಿದರೆ ಪೀಂ ಎನ್ನುವ ಒಂದು ರಬ್ಬರ್ ಆನೆ ಇತ್ತು. ಹಲ್ಲು ಮೂಡುವಾಗ ಮಗಳು ದೀಪಾಲಿ ಹಗಲೆಲ್ಲ ಅದರ ಕಿವಿ ಕಡಿಯುತ್ತಿದ್ದಳು. ಎರಡೇ ಹಲ್ಲು, ಅಕ್ಕಿಕಾಳಿನಂಥವು. ಒಂದು ಮಳೆಗಾಲ ಜ್ವರ ಬಂದು ಮಗು ಹೋಯಿತು. ಕಿವಿಯ ಮೇಲೆ ಆ ಎರಡು ಗುರುತು ಉಳಿದವು. ಫೋಟೋಗಳು ಬೇಕಾದಷ್ಟಿದ್ದವು. ಆದರೆ ಬೆರಳಿಗೆ ಸಿಗುತ್ತಿದ್ದ ಮಗಳು ಆ ಕಿವಿಯಲ್ಲಿ ಮಾತ್ರ ಇದ್ದಳು. ಈಚೆಗೆ ಆನೆಯ ಮೈ ಗಡುಸಾಗಿ ಬಿರುಕು ಬಿಡತೊಡಗಿತ್ತು. ಬಿರುಕು ಕಿವಿಯವರೆಗೆ ಬಂದರೆ ಎಂಬ ಭಯ ರಂಜನಾಳನ್ನು ಬಿಡದೆ ಕಾಡುತ್ತಿತ್ತು.

ಒಂದೊಂದು ಮಧ್ಯಾಹ್ನ ಮನೆ ಸುಮ್ಮನಿದ್ದಾಗ ಕಪಾಟಿನೊಳಗೆ ಆನೆ ಪೀಂ ಎಂದ ಹಾಗೆ ಆಗುತ್ತಿತ್ತು. ಅತ್ತೆ ಅನಸೂಯಾಬಾಯಿಯವರಿಗೂ ಕೇಳಿಸುತ್ತಿತ್ತೇನೋ, ಕಾಯಿಪಲ್ಯೆ ಹೆಚ್ಚುವುದನ್ನು ಬಿಟ್ಟು ಆ ಕಡೆ ನೋಡುತ್ತಿದ್ದರು. ಆ ಮನೆಯಲ್ಲಿ ಮಗುವಿನ ಹೆಸರೆತ್ತುವ ರೂಢಿಯೇ ತಪ್ಪಿಹೋಗಿತ್ತು.

ಹೋದ ವಾರ ಊಟಕ್ಕೆ ಕೂತಾಗ ಅತ್ತೆ ತಾವಾಗಿ ಮಾತು ತೆಗೆದಿದ್ದರು.

"ನಿಮ್ಮ ಮೆಣಸಿನಕಾಯಿ ಹಾಕಿದ್ರ ರಬ್ಬರಿಗೆ ಮುಪ್ಪು ಬರೂದಿಲ್ಲಂತ, ಖರೇ ಏನು?"

"ಖರೇ ಅದರಿ ಅತ್ಯಾ."

"ಹಳೇದಕ್ಕೂ ನಡೀತದೇನು?"

ನಡೆಯುವುದಿಲ್ಲ. ರಬ್ಬರನ್ನು ಅಚ್ಚಿನಲ್ಲಿಟ್ಟು ಬೇಯಿಸುವ ಮೊದಲೇ ಬೆರೆಸಬೇಕು. ಆಮೇಲೆ ಏನು ಸವರಿದರೂ ಉಪಯೋಗವಿಲ್ಲ, ಎಣ್ಣೆಯಂತೂ ರಬ್ಬರಿಗೆ ಶತ್ರು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಯಾವ ಹಳೆಯದು ಎಂಬುದು ಇಬ್ಬರಿಗೂ ಗೊತ್ತಿತ್ತು. ರಂಜನಾ ತಾಟು ಎತ್ತಿಕೊಂಡು ಎದ್ದುಬಿಟ್ಟಿದ್ದಳು.

ಇವತ್ತು ಹೇಳಬೇಕು ಎಂದುಕೊಂಡು ಅವಳು ಸಂಜೆಯ ಮೊದಲೇ ಬಸ್ಸು ಹಿಡಿದಳು. ಮೋಟೆಬೆನ್ನೂರು ದಾಟುವಾಗ ಮನಸ್ಸು ಹಗುರವಾಗಿತ್ತು. ಇದ್ದ ಆನೆಯನ್ನು ಉಳಿಸುವುದು ಆಗದಿದ್ದರೂ ಅದರ ಕಿವಿಯ ಅಚ್ಚು ತೆಗೆದು, ಈ ಹೊಸ ರಬ್ಬರಿನಲ್ಲಿ ಗುರುತು ಸಮೇತ ಇನ್ನೊಂದು ಮಾಡಬಹುದಲ್ಲ! ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೆಂದು ತನ್ನನ್ನೇ ಬೈದುಕೊಂಡಳು.

ಮನೆಯ ಬಾಗಿಲು ತೆರೆದಾಗ ಅಲ್ಲೂ ಬ್ಯಾಡಗಿಯ ಘಾಟು. ಕಪಾಟಿನ ಬಾಗಿಲು ತೆರೆದಿತ್ತು.

ಹಿತ್ತಲಲ್ಲಿ, ಬಚ್ಚಲಿನ ಮುಂದೆ ಅನಸೂಯಾಬಾಯಿ ನೆಲದ ಮೇಲೆ ಕಾಲು ನೀಡಿ ಕೂತಿದ್ದರು. ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಕೂರುತ್ತಿದ್ದರಲ್ಲ, ಹಾಗೇ. ಜೋಡಿಸಿದ ಕಾಲುಗಳ ಮೇಲೆ ಆನೆ ಅಂಗಾತ ಮಲಗಿತ್ತು. ಬಟ್ಟಲಿನ ಕೆಂಪೆಣ್ಣೆಯಲ್ಲಿ ಅದ್ದಿದ ಹೆಬ್ಬೆರಳಿನಿಂದ ಅವರು ಅದರ ಹೊಟ್ಟೆಯನ್ನು ಮೆಲ್ಲಗೆ ನೀವುತ್ತಿದ್ದರು. ಬಾಯಲ್ಲಿ ಏನೋ ಗುನುಗು.

"ಬಂದಿ ಏನ? ಇಲ್ಲಿ ನೋಡಬಾ," ಅತ್ತೆಯ ಮುಖ ಅರಳಿತು. "ಶೇಂಗಾ ಎಣ್ಣ್ಯಾಗ ಬ್ಯಾಡಗಿ ಕಾಯಿ ಕುದಿಸೇನಿ. ನೀ ಕೆಲಸಕ್ಕ ಹೋದಮ್ಯಾಲೆ ದಿನಾ ಹಚ್ಚಲಿಕತ್ತಿದ್ದೆ. ಒಮ್ಮೆಲೇ ತೋರಸೋಣಂತ ಹೇಳಿರಲಿಲ್ಲ. ಹೆಂಗ ಮೆತ್ತಗಾಗೇದ ನೋಡು! ಅಂಗಡಿಯಿಂದ ತಂದ ದಿನ ಹೆಂಗಿತ್ತೋ ಹಂಗ."

ಖರೆಯೇ. ಬಿರುಕುಗಳೆಲ್ಲ ಮುಚ್ಚಿಕೊಂಡಿದ್ದವು. ಆನೆ ಎಣ್ಣೆ ಕುಡಿದು ದುಂಡಗೆ ಉಬ್ಬಿತ್ತು. ರಂಜನಾ ಕುಕ್ಕರುಗಾಲಲ್ಲಿ ಕೂತು ಅದರ ಕಿವಿಯನ್ನು ಬೆರಳುಗಳ ನಡುವೆ ಹಿಡಿದಳು. ಅದು ನುಣ್ಣಗಿತ್ತು. ಯಾರೂ ಯಾವತ್ತೂ ಕಡಿಯದ ಕಿವಿಯಂತೆ ನುಣ್ಣಗಿತ್ತು.

ಚೀರಬೇಕು ಅನ್ನಿಸಿತು. ಅಷ್ಟರಲ್ಲಿ ಅತ್ತೆಯ ಕೈ ಕಣ್ಣಿಗೆ ಬಿತ್ತು. ಖಾರದ ಉರಿಗೆ ಅಂಗೈಯೆಲ್ಲ ಕೆಂಪಗೆ ಬಾತಿತ್ತು. ಇಷ್ಟು ದಿನ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬಡಿಸಿದ್ದರೇನೋ.

"ಅತ್ಯಾ," ಎಂದಳು. "ದೀಪಾಲಿ ಹಲ್ಲು..."

ಹೆಸರು ಕೇಳಿ ಅನಸೂಯಾಬಾಯಿಯವರ ನೀವುತ್ತಿದ್ದ ಕೈ ನಿಂತಿತು. ಸೊಸೆಯ ಮುಖ ನೋಡಿದರು. ಆಮೇಲೆ ಆನೆಯನ್ನು ಕಣ್ಣಿನ ಹತ್ತಿರ ಹಿಡಿದು, ಬಿಸಿಲಿಗೆ ಓರೆಮಾಡಿ, ಕಿವಿಯ ಮೇಲೆ ಬೆರಳಾಡಿಸಿದರು. ಒಮ್ಮೆ ಒರೆಸಿ ನೋಡಿದರು.

"ಈ ಕಿವಿ ಅಲ್ಲ, ಆ ಕಿವಿ ಇರಬೇಕವಾ," ಎಂದು ಆನೆಯನ್ನು ಮಗ್ಗುಲಾಗಿಸಿದರು. ಆ ಕಿವಿಯನ್ನೂ ತುದಿಯಿಂದ ಬುಡದವರೆಗೆ ಸವರಿ, ಮತ್ತೆ ಮೊದಲಿನದಕ್ಕೆ ಬಂದರು.