ಜೇಬಿನ ರೋರಿ

ಪರರ ಕಂಪ್ಯೂಟರಿನ ಮುಂದೆ ನಿಂತಾಗ ರೋರಿ ಮೆಕ್‌ಲೆಲನ್ನನ ಎರಡು ಕೈಗಳೂ ಕೋಟಿನ ಜೇಬಿನಲ್ಲಿರುತ್ತವೆ. ಮಣಿಕಟ್ಟಿನವರೆಗೂ ಇಳಿದು, ಒಳಗೆ ಮುಷ್ಟಿ ಕಟ್ಟಿ ಕುಳಿತ ಅವು ಯಾರು ಎಷ್ಟು ಗೋಗರೆದರೂ ಹೊರಗೆ ಬರುವುದಿಲ್ಲ. ಕೇಪ್ ಬ್ರೆಟನ್ ದ್ವೀಪದ ನಮ್ಮ ಊರಿನಲ್ಲಿ ಅರ್ಧ ಜನ ಮೆಕ್‌ಲೆಲನ್ನರು, ಅವರಲ್ಲಿ ರೋರಿಗಳಿಗಂತೂ ಬರವಿಲ್ಲ. ಹೆಸರಿನ ಮುಂದೆ ಏನಾದರೊಂದು ಅಂಟಿಸದಿದ್ದರೆ ಇಲ್ಲಿ ಯಾರ ಗುರುತೂ ಹತ್ತುವುದಿಲ್ಲ. ಕೆಂಪು ರೋರಿ ಇದ್ದಾನೆ, ದೋಣಿಯ ರೋರಿ ಇದ್ದಾನೆ. ಇವನು ಜೇಬಿನ ರೋರಿ.

ಕೋಟು ಕಡುಹಸಿರು ಉಣ್ಣೆಯದು. ಮೊಣಕೈಗೆ ತೇಪೆ ಬಿದ್ದಿದೆ, ಜೇಬುಗಳು ಕೈಭಾರಕ್ಕೆ ಜೋತು ಮೊಣಕಾಲಿನ ಕಡೆಗೆ ಪ್ರಯಾಣ ಹೊರಟಿವೆ. ನಡಿಗೆಯೋ, ನಾಲ್ಕು ಗೋಡೆಗಳ ನಡುವೆಯೂ ಕಡಲಗಾಳಿಗೆ ಎದುರಾಗಿ ಹೊರಟವನ ಹಾಗೆ ಒಂದು ಭುಜ ಮುಂದು ಮಾಡಿದ ಓರೆ ನಡಿಗೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಶನಿವಾರಗಳಂದು ಗ್ರಂಥಾಲಯದ ಹಿಂಗೋಣೆಯಲ್ಲಿ ಸೇರುವ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ತಂತ್ರಾಂಶ ಬಳಸುವ ನಮ್ಮ ಮಂಡಲಿಗೆ ಬಂದು, ಏಳಲು ಒಲ್ಲದ ಯಂತ್ರಗಳನ್ನು ಬರೀ ಮಾತಿನಿಂದಲೇ ಎಬ್ಬಿಸುತ್ತಾನೆ. ಹಿಂದೆ ಯಾರದೋ ಡಿಸ್ಕನ್ನು ಒರೆಸಿಹಾಕಿದ್ದಕ್ಕೆ ಈ ವ್ರತ ಹಿಡಿದನೆಂದು ಕೆಲವರು, ಕೈ ನಡುಗುತ್ತದೆ ಪಾಪ ಎಂದು ಇನ್ನು ಕೆಲವರು. ನಾನು ಅವನನ್ನೇ ಕೇಳಿದೆ. "ಚಳಿ ಕಣಯ್ಯ" ಎಂದ. ಅದು ಜುಲೈ ತಿಂಗಳು.

ಯಾರಾದರೂ ಗುಪ್ತಪದ ಒತ್ತಲು ಹೊರಟರೆ ಅವನು ಗೋಡೆಯ ಕಡೆಗೆ ತಿರುಗಿಬಿಡುತ್ತಾನೆ. ಅಲ್ಲಿ ಕಡಲಹಕ್ಕಿಗಳ ಪಟವೊಂದಿದೆ. ಅದನ್ನು ಅವನಷ್ಟು ಶ್ರದ್ಧೆಯಿಂದ ವ್ಯಾಸಂಗ ಮಾಡಿದವರು ಈ ದ್ವೀಪದಲ್ಲೇ ಇರಲಾರರು. ಇನ್ನು ಅವನ ಮೊದಲ ಪ್ರಶ್ನೆ. ಏನು ಕೆಟ್ಟಿದೆ ಎಂದು ಅವನು ಎಂದೂ ಕೇಳಿದವನಲ್ಲ. ಕೆಟ್ಟ ಮೇಲೆ ನೀನು ಏನೇನು ಮಾಡಿದೆ ಎಂದು ಕೇಳುತ್ತಾನೆ. ಯಂತ್ರ ತಾನಾಗಿ ಕೆಡುವುದು ಕಡಿಮೆ, ಸರಿಮಾಡಲು ಹೋದವರೇ ಅದನ್ನು ಮುಗಿಸುವುದು ಎಂಬುದು ಅವನ ನಂಬಿಕೆ.

ಒಂದು ಶನಿವಾರ ಏಳಲೊಲ್ಲದ ಲ್ಯಾಪ್‌ಟಾಪ್ ಹಿಡಿದು ಬಂದ ಎಫಿ ಕ್ಯಾಂಬೆಲ್ ಆ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ.

"ಅತ್ತುಬಿಟ್ಟೆ. ಆಮೇಲೆ ಟೀ ಕುಡ್ದೆ."

"ಡಿಸ್ಕ್ ಒರೆಸ್ಲಿಲ್ಲ ತಾನೆ?"

"ನನ್ನ ತಂಗಿ ಮಗ ಫೋನಲ್ಲಿ, ಎಲ್ಲ ಒರೆಸಿ ಹೊಸದಾಗಿ ಹಾಕ್ಕೋ ಅಂದ. ನಂಗೆ ಕೈ ಬರ್ಲಿಲ್ಲ."

"ಒಳ್ಳೇ ಕೈ ಕಣೆ ನಿಂದು" ಎಂದ ರೋರಿ. ಇಬ್ಬರೂ ಒಂದೇ ಶಾಲೆಯ ಬೆಂಚಿನವರು.

ಎಫಿಯ ಅಣ್ಣ ಹೆಕ್ಟರ್ ಪಿಟೀಲು ಹಿಡಿದರೆ ಅಡುಗೆಮನೆಯ ಬೆಂಚು ಕುರ್ಚಿಗಳೂ ಕುಣಿಯುತ್ತಿದ್ದವು. ತಾನೇ ಕಟ್ಟಿದ ಧಾಟಿಗಳನ್ನು ಅವನು ಬರೆದಿಟ್ಟವನಲ್ಲ. ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು, ಆಮೇಲೆ ಆ ಧಾಟಿಗಳು ಉಳಿದದ್ದು ತಂಗಿ ಅಡುಗೆಮನೆಯಲ್ಲಿ ಧ್ವನಿಮುದ್ರಿಸಿಕೊಂಡ ಲ್ಯಾಪ್‌ಟಾಪಿನಲ್ಲಿ ಮಾತ್ರ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿಸಿದವರು ನಾವೇ. ಪ್ರತಿ ಇಟ್ಟುಕೋ ಎಂದು ಹೇಳಿದವರೂ ನಾವೇ, ಆದರೆ ಅದನ್ನು ಹೇಳಿದ ನಮ್ಮಲ್ಲೇ ಎಷ್ಟು ಜನ ಇಟ್ಟುಕೊಂಡಿದ್ದೆವೋ! ಈಗ ಯಂತ್ರ ಬಾಗಿಲಲ್ಲೇ ಗುಪ್ತಪದ ಕೇಳುತ್ತದೆ, ಎಫಿ ಒತ್ತಿದ್ದನ್ನು ತಪ್ಪು ಎನ್ನುತ್ತದೆ, ಮುಂದೆ ಏಳುವುದೇ ಇಲ್ಲ. ಮರುದಿನ ಹೆಕ್ಟರನ ಹುಟ್ಟುಹಬ್ಬ. ಶುಶ್ರೂಷಾಲಯದ ಹಾಸಿಗೆಯಲ್ಲಿ ಮಲಗಿದ್ದವನು ತನ್ನ ಧಾಟಿಗಳನ್ನು ಕೇಳಿಸೆಂದು ಬಾಯಿಬಿಟ್ಟು ಕೇಳಿದ್ದ.

"ಪಾಸ್‌ವರ್ಡ್ ಯಾವಾಗ ಬದಲಾಯಿಸ್ದೆ?"

"ಹೋದ ತಿಂಗ್ಳು. ಹೆಕ್ಟರ್ ಕಟ್ಟಿದ ಒಂದು ಧಾಟಿ ಹೆಸ್ರು. ಹೇಳ್ತೀನಿ ಕೇಳು, ಅದು..."

"ಬೇಡ!" ರೋರಿ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಿನ್ನ ಮನೆ ಕೀಲಿ ನಿನ್ನ ಸೊಂಟದಲ್ಲೇ ಇರ್ಲಿ. ಹೆಸ್ರು ನಮ್ಮ ಹಿರಿಯರ ಗೇಲಿಕ್ ಭಾಷೇದಾ, ಅಷ್ಟು ಹೇಳು."

"ಮತ್ತಿನ್ನೇನು, ಹೆಕ್ಟರ್ ಇಂಗ್ಲಿಷಲ್ಲಿ ಹೆಸರಿಡ್ತಾನಾ?"

"ಅವತ್ತಿಂದ ಯಂತ್ರ ಪೂರ್ತಿ ಆರಿಸಿರ್ಲಿಲ್ಲ. ಮುಚ್ಚಳ ಮುಚ್ಚಿಡೋದಷ್ಟೇ. ಹೌದಾ?"

"ಮೊನ್ನೆ ಬಿರುಗಾಳಿಗೆ ಕರೆಂಟ್ ಹೋಗಿ ಬ್ಯಾಟರಿ ಖಾಲಿ ಆಗೋವರ್ಗೂ ಆರಿಸಿರ್ಲಿಲ್ಲ. ನಿಂಗೆ ಹ್ಯಾಗೆ ಗೊತ್ತು?"

ರೋರಿ ಹಕ್ಕಿಗಳ ಪಟಕ್ಕೆ ಹೇಳುವಂತೆ ಹೇಳಿದ: "ಮನೆ ಒಳಗಿನವರಿಗೆ ನೀನು ಗೇಲಿಕ್ ಕೀಬೋರ್ಡ್ ಕಲಿಸಿದೀಯ. ಯಂತ್ರ ಪೂರ್ತಿ ಆರಿ ಏಳೋವಾಗ ಪಾಸ್‌ವರ್ಡ್ ಕೇಳೋ ಬಾಗಿಲು ಕಾಯೋನಿಗೆ ಕಲಿಸಿಲ್ಲ, ಅವನಿಗೆ ಇಂಗ್ಲಿಷ್ ಕೀಬೋರ್ಡೇ ಗೊತ್ತು. ನೀನು ಒತ್ತೋದೆಲ್ಲ ಸರಿ, ಅವನಿಗೆ ತಲುಪ್ತಿರೋದೇ ಬೇರೆ."

ಹಿತ್ತಿಲ ಬಾಗಿಲಿನಿಂದ ಹೋಗುವುದೆಂದು ತೀರ್ಮಾನವಾಯಿತು: ಪೆನ್‌ಡ್ರೈವಿನಲ್ಲಿದ್ದ ಬೇರೊಂದು ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿ, ಅದಕ್ಕೆ ಗೇಲಿಕ್ ಕೀಲಿಮಣೆಯ ಪಾಠ ಹೇಳಿ, ಅಲ್ಲಿಂದ ಡಿಸ್ಕಿನ ಬೀಗ ತೆಗೆಯಬೇಕು. ರೋರಿ ಒಂದೊಂದೇ ಅಕ್ಷರ ಹೇಳಿದ, ಎಫಿ ಒಂದೊಂದೇ ಬೆರಳಿನಿಂದ ಒತ್ತಿದಳು. "ನಿಲ್ಲು. ಬರೆದದ್ದು ಓದು. ಹೂಂ, ಈಗ ಒತ್ತು." ನಾನಾಗಿದ್ದರೆ ಯಂತ್ರವನ್ನು ಕಸಿದುಕೊಂಡು ಕ್ಷಣದಲ್ಲಿ ಮುಗಿಸುತ್ತಿದ್ದೆ, ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟದ ವಿದ್ಯೆ ಎಂಬುದು ನನಗೆ ಅಂದು ಅರಿವಾಯಿತು.

ಕೊನೆಗೆ ಪರದೆ ಗುಪ್ತಪದ ಕೇಳಿತು. ರೋರಿ ಗೋಡೆಗೆ ತಿರುಗಿದ. ಎಫಿ ಒತ್ತಿದಳು. ಯಂತ್ರ ಒಪ್ಪಲಿಲ್ಲ.

ಅವಳು ಕೀಲಿಮಣೆಯಿಂದ ಕೈ ಹಿಂದೆಗೆದಳು. "ಹೋಯ್ತು ರೋರಿ. ಎಲ್ಲಾ ಹೋಯ್ತು."

"ಬೆರಳು ತಪ್ಪಿರತ್ತೆ, ಅಷ್ಟೇ. ಅವಸರ ಏನಿದೆ? ಈ ಹಕ್ಕಿಗಳೂ ಎಲ್ಲೂ ಹೋಗಲ್ಲ, ನಾನೂ ಹೋಗಲ್ಲ."

ಅವಳು ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಒತ್ತಿದಳು. ಬೀಗ ತೆರೆಯಿತು. ಮರುಗಳಿಗೆ ಹಿಂಗೋಣೆಯ ತುಂಬ ಹೆಕ್ಟರನ ಪಿಟೀಲು, ನಡುವೆ ಯಾರೋ ಕೆಟಲ್ ಇಳಿಸಿದ ಸದ್ದು, ಅವನ ಗಟ್ಟಿ ನಗು! ಎಫಿ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ರೋರಿ ಇನ್ನೂ ಗೋಡೆಗೇ ಮುಖ ಮಾಡಿದ್ದ, ಕೈಗಳೂ ಜೇಬಿನಲ್ಲೇ. ಬಲಗಾಲಿನ ಬೂಟು ಮಾತ್ರ ನೆಲದ ಮೇಲೆ ತಾಳ ಹಾಕುತ್ತಿತ್ತು. ಆದರೆ ಧಾಟಿ ಮುಗಿಯುತ್ತಲೇ ಮತ್ತೆ ಮೇಷ್ಟ್ರಾದ. ಎಫಿ ಎರಡು ಪ್ರತಿ ಮಾಡಿ, ಬಾಗಿಲು ಕಾಯುವವನಿಗೂ ತಿಳಿಯುವಂಥ ಇನ್ನೊಂದು ಗುಪ್ತಪದ ಸೇರಿಸುವ ತನಕ ಅವಳನ್ನು ಮನೆಗೆ ಬಿಡಲಿಲ್ಲ.

ಮರುದಿನ ಶುಶ್ರೂಷಾಲಯಕ್ಕೆ ಅವಳನ್ನು ಕಾರಿನಲ್ಲಿ ಕರೆದೊಯ್ದವನು ನಾನು. ಹೆಕ್ಟರ್ ಕಣ್ಣು ಮುಚ್ಚಿ ಕೇಳಿದ. ಬಲಗೈ ಕಂಬಳಿಯ ಮೇಲೆ ಲಯ ಹಿಡಿಯಿತು, ಎಡಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಬೀಗ ಕಚ್ಚಿಕೊಂಡ ಕಥೆಯನ್ನು ತಂಗಿ ಹೇಳಿದ ಮೇಲೆ ತೊದಲುತ್ತ ಕೇಳಿದ: "ಬೀಗ ಯಾರು ತೆಗೆದ್ರೇ?"

ಎಫಿ ಕಂಬಳಿಯ ಅಂಚು ಸರಿಪಡಿಸಿದಳು. "ನಾನೇ ತೆಗ್ದೆ."

"ನೀನಾ! ಟೋಸ್ಟರ್ ಸುಟ್ಟೋಳು!" ಎಂದು ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಈ ಸುಳ್ಳು ಅವಳನ್ನು ವಾರವಿಡೀ ಕೊರೆಯಿತು. ಶನಿವಾರ ಓಟ್ಸ್ ಬಿಸ್ಕತ್ತಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದು ರೋರಿಯ ಮುಂದೆ ತಪ್ಪೊಪ್ಪಿಕೊಂಡಳು. "ನಿನ್ನ ಹೆಸ್ರೇ ಹೇಳ್ಲಿಲ್ಲ ಕಣೋ."

ಅವನ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಇದ್ದದ್ದೇ ಹೇಳಿದೀಯ. ತೆಗೆದೋಳು ನೀನೇ ಅಲ್ವಾ?" ಎಂದವನು ಬಲಗೈಯನ್ನು ಜೇಬಿನಿಂದ ಹೊರತೆಗೆದು ಒಂದು ಬಿಸ್ಕತ್ತು ಎತ್ತಿಕೊಂಡ. ಕೈ ನಡುಗುತ್ತಿರಲಿಲ್ಲ.

ನಮಗೆ ಉಪಕಾರ ಮಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರು ಪುಣ್ಯವಂತರೇ. ಆದರೆ ಮಾಡಿಕೊಟ್ಟ ಕೆಲಸದ ಮೇಲೆ ಅವರ ಕೈಗುರುತು ಉಳಿದಿರುತ್ತದೆ, ನಾವು ಅದನ್ನು ನೋಡಿದಾಗಲೆಲ್ಲ ಕೊಂಚ ಕುಗ್ಗುತ್ತೇವೆ. ರೋರಿಯಂಥವರು ವಿರಳ. ಅವರು ಪಕ್ಕದಲ್ಲಿ ನಿಂತಿರುತ್ತಾರೆ, ನಮ್ಮ ಕೈಯಿಂದಲೇ ನಮ್ಮ ಬಾಗಿಲು ತೆರೆಸುತ್ತಾರೆ, ಒಳಗೆ ಏನಿದೆಯೆಂದು ಇಣುಕಿ ನೋಡುವುದಿಲ್ಲ. ಕೃತಜ್ಞತೆ ಹೇಳಬೇಕೆಂದು ನಾವು ತಿರುಗಿ ನೋಡುವಾಗ, ಅವರು ಆಗಲೇ ಗೋಡೆಯ ಕಡೆ ತಿರುಗಿ ಹಕ್ಕಿಗಳನ್ನು ನೋಡುತ್ತಿರುತ್ತಾರೆ.