ಹತ್ತರ ಅಲಾರಂ

"ದಾರಿ ಬಿಡ್ರಿ, ನೀರ ಬಂತು!" ಎನ್ನುತ್ತಾ ಕಾಳವ್ವ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಅಂಗಳಕ್ಕೆ ನುಗ್ಗಿದಳು. ಸಾವಿನ ಮನೆಯಲ್ಲಿ ದನಿ ತಗ್ಗಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ದನಿ ತಗ್ಗಿದ್ದನ್ನು ಶೇಗಾಂವದ ಆ ಓಣಿ ಇದುವರೆಗೆ ಕಂಡಿರಲಿಲ್ಲ.

ಒಳಗೆ ಚಾಪೆಯ ಮೇಲೆ ಶಮಾ ಮಲಗಿದ್ದಳು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಳಿತವಳು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು. ಪಾದದ ಬಳಿ ಕುಳಿತ ಮಗಳು ನಿಖತಳ ಕಣ್ಣು ಬಾಗಿಲಲ್ಲೇ ಇತ್ತು. ಹೆಂಗಸಿನ ಮಯ್ಯತ್ತಿಗೆ ಹೆಂಗಸರೇ ಸ್ನಾನ ಮಾಡಿಸಬೇಕು. ಬರುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಅವಳಿಗೆ ಅಳುವುದಕ್ಕೂ ಆಗಿರಲಿಲ್ಲ.

ಮಸೀದಿ ಕಮಿಟಿಯ ಹಿರಿಯ ಸರದಾರ ಹೊಸ್ತಿಲ ಹೊರಗೇ ನಿಂತು ಕೆಮ್ಮಿದ. ಬಗಲಲ್ಲಿ ಪ್ಲಾಸ್ಟಿಕ್ ಹಾಳೆಯ ಸುರುಳಿಯಿತ್ತು.

"ಬೇಟಿ, ಯಾರಿಗೂ ತ್ರಾಸ ಬ್ಯಾಡ. ಇದರಾಗ ಸುತ್ತಿ ಒಯ್ಯೂಣು. ನಿಮ್ಮ ಅಪ್ಪಂದೂ ಹಂಗ ಆಗಿತ್ತಲ್ಲ."

"ಅದಕ್ಕ ಬ್ಯಾಡ ಅಂತೀನ್ರಿ, ಚಾಚಾ" ಎಂದಳು ನಿಖತ.

*

ಅಪ್ಪ ಬಷೀರ ಗಾದಿ ತುಂಬುವವನು. ಎಚ್‌ಐವಿಯಿಂದ ಸೊರಗಿ ಅವನು ಸತ್ತಾಗ ನಿಖತಳಿಗೆ ಒಂಬತ್ತು ವರ್ಷ. "ಒಂದ ಕೊಡ ನೀರಾದ್ರೂ ಹಾಕ್ರೋ" ಎಂದು ಶಮಾ ಬೇಡಿಕೊಂಡರೂ ಒಬ್ಬ ಗಂಡಸೂ ಹೊಸ್ತಿಲು ದಾಟಲಿಲ್ಲ. ಸ್ನಾನವಿಲ್ಲದೆ ಅವನು ಪ್ಲಾಸ್ಟಿಕ್ಕಿನಲ್ಲಿ ಹೋದ.

ತಿಂಗಳೊಳಗೆ ಶಮಾಳ ರಕ್ತದಲ್ಲೂ ಅದೇ ಇದೆಯೆಂದು ಗೊತ್ತಾಯಿತು. ಅವಳು ಕೌದಿ ಹೊಲಿಯುವವಳು. ಓಣಿ ಹಳೇ ಸೀರೆ ಕೊಡುವುದನ್ನೇ ನಿಲ್ಲಿಸಿತು. ಕಾಳವ್ವ ಮಾತ್ರ ಗೋಡೆಯಾಚೆಯಿಂದ ಸೀರೆಯ ಗಂಟು ಎಸೆದು, "ದೀಪಾವಳಿಗೆ ಕೌದಿ ಬೇಕ ನೋಡು" ಎಂದು ಕೂಗಿದಳು. ದೀಪಾವಳಿಗೆ ಇನ್ನೂ ಎಂಟು ತಿಂಗಳಿತ್ತು.

ಆಮೇಲೆ ಗುಳಿಗೆ ಬಂತು. ಮೊದಲು ದೂರದ ಸಾಂಗ್ಲಿಗೆ, ನಂತರ ಜತ್ತಕ್ಕೆ ಹೋಗಿ ತರುತ್ತಿದ್ದಳು. ಮುಂಜಾನೆ ಹತ್ತಕ್ಕೆ ಅಲಾರಂ ಇಟ್ಟು, ಒಲೆಯ ಹಿಂದೆ ಅಡಗಿ ನುಂಗುತ್ತಿದ್ದಳು. ಒಂದು ದಿನ ಅಡಗುವುದೇ ಬೇಸರವಾಗಿ ಹೊರಗಿನ ಕಟ್ಟೆಯ ಮೇಲೆ ಕುಳಿತು, ಓಣಿಯೆಲ್ಲ ನೋಡುತ್ತಿರುವಾಗಲೇ ನುಂಗಿದಳು. ನೋಡಿ ನೋಡಿ ಓಣಿಗೇ ಸಾಕಾಯಿತು. ಹಳೇ ಸೀರೆಯ ಗಂಟುಗಳೂ ಒಂದೊಂದಾಗಿ ಮರಳಿ ಬಂದವು. ಕೊನೆಗೆ ಮಕ್ಕಳನ್ನು ಸಾಲೆಗೆ ಅಟ್ಟುವುದೂ ಅದೇ ಅಲಾರಮ್ಮಿಗೆ ಎಂದಾಯಿತು.

ತಿಂಗಳಿಗೊಮ್ಮೆ ಅರಿವೆ ತುಂಡು ತರಲು ಜತ್ತಕ್ಕೆ ಹೊರಟರೆ ಯಾರನ್ನಾದರೂ ಜೋಡಿ ಕರೆದೊಯ್ಯುತ್ತಿದ್ದಳು.

"ಒಂದ ಗಂಟಿಗೆ ಇಬ್ಬರು ಯಾಕಬೇ?" ಎಂದು ನಿಖತ ಛೇಡಿಸಿದರೆ, "ಬಸ್ಸಿನ್ಯಾಗ ಮಾತಾಡಾಕ ಬ್ಯಾಡೇನ?" ಎನ್ನುತ್ತಿದ್ದಳು.

*

ಶಮಾಳಿಗೆ ಗುಳಿಗೆ ಕೊಡುತ್ತಿದ್ದ ಜತ್ತದ ದವಾಖಾನೆಯ ನರ್ಸ್ ಅನುರಾಧಾ ಸ್ಕೂಟಿ ನಿಲ್ಲಿಸಿ ಬಂದವಳೇ ಪ್ಲಾಸ್ಟಿಕ್ ನೋಡಿದಳು.

"ಇದೇನ್ರಿ ಚಾಚಾ? ಶಮಾಕ್ಕನ ರಕ್ತದಾಗ ಏಳೆಂಟು ವರ್ಷದಿಂದ ವೈರಸ್ ತಪಾಸಣಿಗೆ ಸಿಕ್ಕಿಲ್ಲ. ಸ್ನಾನ ಮಾಡಿಸಿದ್ರ ಯಾರಿಗೂ ಏನೂ ಆಗಂಗಿಲ್ಲ. ಕೈಗವಸು ತಂದೀನಿ, ಅದು ಯಾರ ಮಯ್ಯತ್ತ ಇದ್ರೂ ಹಾಕ್ಕೊಳ್ಳೂದ. ಪ್ಲಾಸ್ಟಿಕ್ ಮಾತ್ರ ಬ್ಯಾಡ."

"ನನಗೇನವ್ವಾ? ಹೆಂಗಸರು ಬರಬೇಕಲ್ಲ?" ಎಂದ ಸರದಾರ.

"ನಾ ಬಂದೀನಲ್ರಿ" ಎಂದು ಅವನ ಬೆನ್ನ ಹಿಂದಿನಿಂದ ಹೆಣ್ಣು ದನಿಯೊಂದು ಬಂತು.

ಓಣಿಯ ಕೊನೆಯ ಮನೆಯ ಅಮಜದನ ಹೆಂಡತಿ ದಿಲಶಾದ ಕುಪ್ಪಸದ ತೋಳು ಮೇಲೇರಿಸಿಕೊಂಡು ನಿಂತಿದ್ದಳು. ಹಿಂದೆ ಅವಳ ಅತ್ತೆ. ಅತ್ತೆಯ ಹಿಂದೆ ಇನ್ನೂ ಏಳೆಂಟು ಹೆಂಗಸರು.

ಕಾಳವ್ವ ಹೊಲದಿಂದ ತಂದ ಬೋರೆ ಎಲೆ ಹಾಕಿ ನೀರು ಕಾಯಿಸಿದರು. ನಳದಿಂದ ಬಾಗಿಲವರೆಗೆ ಹೆಂಗಸರ ಸಾಲು ನಿಂತು ಕೊಡಗಳು ಕೈಯಿಂದ ಕೈಗೆ ಬಂದವು. ತಲೆಗೂದಲು ತೊಳೆಯುವವರು ಯಾರೆಂದು ಪರದೆಯ ಹಿಂದೆ ಸಣ್ಣ ಜಗಳವೇ ಆಯಿತು.

"ಹೋದ ಬ್ಯಾಸಗಿಗೆ ನನ್ನ ಕೂಸಿಗೆ ಕೌದಿ ಹೊಲದಾಳ, ನಾನ ತೊಳೀತೀನಿ!"

"ನನಗೆ ನಾಕ ಹೊಲದಾಳ, ಸರಿ ಅತ್ತಾಗ!"

ಆ ಜಗಳ ಕೇಳಿ ನಿಖತಳಿಗೆ ಅಂತೂ ಅಳು ಬಂತು. ಬಾಯಿ ತೆರೆದು, ಮನಸ್ಸು ಹಗುರಾಗುವಷ್ಟು ಅತ್ತಳು. ಹೊರಗೆ ಸರದಾರ ತಾನು ತಂದ ಹಾಳೆಯನ್ನು ಬಿಡಿಸಿ, ಬಂದವರು ಚಪ್ಪಲಿ ಬಿಡಲೆಂದು ಅಂಗಳದಲ್ಲಿ ಹಾಸಿದ.

ಬಿಳಿ ಕಫನ ಸುತ್ತಿ ಮುಗಿಸುವಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಶಮಾಳ ಮೊಬೈಲು ಬಡಿದುಕೊಳ್ಳತೊಡಗಿತು. ಹತ್ತು ಗಂಟೆ. ನಿಖತ ಬಂದ್ ಮಾಡಲು ಎದ್ದಳು.

"ಇರಲಿ ಬಿಡು" ಎಂದಳು ದಿಲಶಾದ. ಸೊಂಟದ ಚೀಲದಿಂದ ಪುಟ್ಟ ಡಬ್ಬಿ ತೆಗೆದು, ಅದರೊಳಗಿನ ಗುಳಿಗೆಯನ್ನು ಅಂಗೈಗೆ ಹಾಕಿಕೊಂಡಳು. "ಕಾಕೂ, ನೀರ ಕೊಡ್ರಿ."

ಅತ್ತೆಯ ಬಾಯಿ ತೆರೆದೇ ಉಳಿಯಿತು. ಕಾಳವ್ವ ಉಳಿದ ಕೊಡದಿಂದ ತಂಬಿಗೆ ತುಂಬಿ ಕೊಟ್ಟಳು.

"ಕೂಸ ಹೊಟ್ಟ್ಯಾಗ ಇದ್ದಾಗ ಶಮಾಕ್ಕನೇ ನನ್ನ ಜತ್ತಕ್ಕ ಕರಕೊಂಡ ಹೋಗಿದ್ಲು. ಕೂಸಿನ ಅಪ್ಪಗ ಗೊತ್ತೈತಿ. ಅವರಿಗೂ ಬಂದಿಲ್ಲ, ಕೂಸಿಗೂ ಬಂದಿಲ್ಲ" ಎಂದ ದಿಲಶಾದ, ಎಲ್ಲರೆದುರೇ ತಂಬಿಗೆ ಎತ್ತಿ ಗಟಗಟ ಕುಡಿದಳು.

ಅಂಗಳದಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಮಜದ ತಲೆ ತಗ್ಗಿಸಲಿಲ್ಲ.

ಅವ್ವ ಜತ್ತದ ಬಸ್ಸಿಗೆ ಜೋಡಿ ಕರೆದೊಯ್ದವರ ಮುಖಗಳೆಲ್ಲ ನಿಖತಳ ನೆನಪಿಗೆ ಒಂದೊಂದಾಗಿ ಬಂದವು. ಅಲಾರಂ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ದಿಲಶಾದ ತಂಬಿಗೆ ಕೆಳಗಿಡುವಷ್ಟರಲ್ಲಿ, ಬಾಗಿಲ ಬಳಿಯ ಗುಂಪಿನೊಳಗಿಂದ ಹಸಿರು ಬಳೆಯ ಇನ್ನೊಂದು ಕೈ ಅದಕ್ಕಾಗಿ ಮುಂದೆ ಬಂತು.