ಮೂವತ್ತಾರು ಡಿಗ್ರಿ

ನನ್ನ ಬಾಯಿ ಸರಿಯಿಲ್ಲ ಎಂದು ಐಸಿಯುನಲ್ಲಿ ಎಲ್ಲರಿಗೂ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದೆಗೆ ಒದೆಸಿಕೊಂಡು ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಅಂಥವಳು ಆ ದಿನ ಒಬ್ಬ ಹೆಂಗಸಿಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೆ ನುಂಗಿಕೊಂಡೆ.

ನಾಲ್ಕನೇ ಹಾಸಿಗೆಯಲ್ಲಿದ್ದವನು ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಹಿಂದಿನ ದಿನ ಎರಡನೇ ಮಹಡಿಯ ಎತ್ತರದಿಂದ ಕೆಳಗೆ ಬಿದ್ದಿದ್ದ. ತಲೆಯೊಳಗೆ ರಕ್ತ ತುಂಬಿ ಮಿದುಳು ಊದಿಕೊಂಡಿತ್ತು. ಸ್ಕ್ಯಾನ್ ನೋಡಿದವರೆಲ್ಲ ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ್ದರು. ಉಸಿರು ಯಂತ್ರದ್ದು, ಎದೆಬಡಿತ ಮಾತ್ರ ಅವನದೇ. ಉಗುರಿನ ಸಂದಿಯಲ್ಲಿ ಯಾರದೋ ಮನೆಯ ನೀಲಿ ಬಣ್ಣ ಇನ್ನೂ ಹಾಗೇ ಇತ್ತು.

ಅವನಿಗೆ ಇದ್ದವಳು ಒಬ್ಬ ಅಕ್ಕ. ಇಸ್ತ್ರಿ ಅಂಗಡಿ ಇಟ್ಟುಕೊಂಡವಳು, ಐವತ್ತು ದಾಟಿದ್ದಳು. ಬಲಗೈ ತುಂಬ ಹಳೆಯ ಸುಟ್ಟ ಕಲೆಗಳು. ತಾಯಿ ತೀರಿಕೊಂಡಾಗ ತಮ್ಮನಿಗೆ ಎರಡು ವರ್ಷ, ಇವಳಿಗೆ ಹದಿನಾಲ್ಕು. ಅವತ್ತಿನಿಂದ ಅವನ ತಾಯಿಯೂ ಇವಳೇ, ತಂದೆಯೂ ಇವಳೇ. ಆರಡಿ ಎತ್ತರದ ಆ ಆಳನ್ನು ಈಗಲೂ ‘ಕುಳ್ಳ’ ಎಂದೇ ಕರೆಯುತ್ತಿದ್ದಳು.

ಮಿದುಳು ಸತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಮೊದಲು ಒಂದು ಕಟ್ಟುನಿಟ್ಟಿನ ನಿಯಮ ಇದೆ. ಮೈ ತಣ್ಣಗಿದ್ದರೆ ಪರೀಕ್ಷೆ ಮಾಡುವಂತಿಲ್ಲ. ಚಳಿ ಹಿಡಿದ ಮಿದುಳು ಬದುಕಿದ್ದರೂ ಸತ್ತ ಹಾಗೆ ಬಿದ್ದುಕೊಂಡಿರಬಹುದು. ಹಾಗಾಗಿ ಮೈ ಕಡಿಮೆಯೆಂದರೂ ಮೂವತ್ತಾರು ಡಿಗ್ರಿ ಇರಬೇಕು. ಬೆಳಿಗ್ಗೆ ಎಂಟಕ್ಕೆ ನಾನು ಡ್ಯೂಟಿಗೆ ಬಂದಾಗ ಅವನದು ಮೂವತ್ತನಾಲ್ಕೂ ಇರಲಿಲ್ಲ. ಮೈಯ ಕಾವು ಕಾಯುವುದೂ ಮಿದುಳಿನ ಕೆಲಸವೇ ತಾನೆ, ಅದನ್ನು ಕಾಯುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಕಾಗದದಂಥ ಹೊದಿಕೆ ಹೊದಿಸಿ, ಕೊಳವೆ ಸಿಕ್ಕಿಸಿ, ಅದರೊಳಗೆ ಬಿಸಿಗಾಳಿ ಊದುವ ಯಂತ್ರವನ್ನು ಶುರು ಮಾಡಿದೆ.

ಅಕ್ಕ ಒಳಗೆ ಬಂದವಳೇ ತಮ್ಮನ ಪಾದ ಮುಟ್ಟಿ ನೋಡಿದಳು.

“ಏನ್ ಸಿಸ್ಟರ್, ಇವನ್ನ ಮಂಜುಗಡ್ಡೆ ಮಾಡಿಟ್ಟಿದೀರಲ್ಲ!”

“ಅದಕ್ಕೇ ಬಿಸಿ ಮಾಡ್ತಾ ಇದೀವಿ ಅಕ್ಕ.”

“ಎಷ್ಟಾಗ್ಬೇಕು?”

“ಮೂವತ್ತಾರು.”

“ಆದ್ಮೇಲೆ?”

“ಆದ್ಮೇಲೆ ಡಾಕ್ಟ್ರು ಬಂದು ಪರೀಕ್ಷೆ ಮಾಡ್ತಾರೆ.”

ನಾನು ತಪ್ಪಿದ್ದು ಇಲ್ಲೇ. ಯಾವ ಪರೀಕ್ಷೆ ಎಂದು ಹೇಳಲಿಲ್ಲ. ಹಿಂದಿನ ಸಂಜೆ ದೊಡ್ಡ ಡಾಕ್ಟರು “ಸೀರಿಯಸ್ ಇದೆ, ನೋಡೋಣ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋಗಿದ್ದರು. ನಾನು ಆ ದೀಪಕ್ಕೆ ಎಣ್ಣೆ ಹಾಕಿದೆ.

“ಬಿಸಿ ಮಾಡೋದು ನಂಗೆ ಬಿಡಿ, ಮೂವತ್ತು ವರ್ಷದಿಂದ ಅದೇ ತಾನೆ ಮಾಡ್ತಿರೋದು” ಎಂದು ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಅವನ ಅಂಗಾಲುಗಳನ್ನು ಎರಡೂ ಕೈಯಿಂದ ಉಜ್ಜತೊಡಗಿದಳು. ಏಸಿಯ ಗಾಳಿ ಈ ಕಡೆ ಬರುತ್ತಿದೆ ಎಂದು ನಮ್ಮ ಆಯಾಳನ್ನು ಗದರಿ ಅದರ ಮುಖ ತಿರುಗಿಸಿದಳು. ನಿಯಮದ ಪ್ರಕಾರ ಹದಿನೈದು ನಿಮಿಷಕ್ಕೆ ಅವಳನ್ನು ಹೊರಗೆ ಕಳಿಸಬೇಕಿತ್ತು. ನಾನು ಕಳಿಸಲಿಲ್ಲ.

“ಗಣಿತ ಮೂರು ಸಲ ಕಟ್ಟಿದೋನು ಸಿಸ್ಟರ್ ಇವನು. ಪರೀಕ್ಷೆ ಅಂದ್ರೆ ಸಾಕು, ಕೈಕಾಲು ತಣ್ಣಗಾಗೋದು ಆಗಿಂದ್ಲೂ ಇದ್ದಿದ್ದೇ” ಎಂದಳು. ಆಯಾ ನಕ್ಕಳು. ನಾನೂ ನಕ್ಕೆ. ನಗಬಾರದಿತ್ತು.

ಮಾನಿಟರಿನಲ್ಲಿ ಅಂಕಿ ಏರಿದ ಹಾಗೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಮೂವತ್ನಾಲ್ಕೂವರೆ. ಮೂವತ್ತೈದು. ನಡುನಡುವೆ ತಮ್ಮನಿಗೆ ಬೈಗುಳ, “ಏಳೋ ಸೋಮಾರಿ, ನಿನ್ ಕಾಲುಜ್ಜೋದೇ ಕೆಲಸ್ವಾ ನಂಗೆ?” ಹನ್ನೊಂದೂವರೆಗೆ “ಸಿಸ್ಟರ್, ಮೂವತ್ತಾರು!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನಾನು ಅವಳ ಮುಖ ನೋಡದೆ ಫೋನ್ ಎತ್ತಿಕೊಂಡೆ.

ಇಬ್ಬರು ಡಾಕ್ಟರು ಬಂದರು. ಹೊರಗಿರಿ ಎಂದರೆ ಅವಳು ಒಪ್ಪಲಿಲ್ಲ. ಆಗ ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. “ನೋಡಮ್ಮ, ಮಿದುಳು ಪೂರ್ತಿ ಸತ್ತುಹೋಗಿದೆಯಾ ಅಂತ ನೋಡೋ ಪರೀಕ್ಷೆ ಇದು. ಸತ್ತಿದ್ರೆ ಮನುಷ್ಯ ಸತ್ತ ಹಾಗೇ ಲೆಕ್ಕ.”

ಅವಳು ಡಾಕ್ಟರ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು.

ಕಣ್ಣಿಗೆ ಟಾರ್ಚ್ ಬಿಟ್ಟರು, ಪಾಪೆ ಕಿರಿದಾಗಲಿಲ್ಲ. ಹತ್ತಿಯ ಎಳೆಯಿಂದ ಕಣ್ಣಗುಡ್ಡೆಯನ್ನೇ ಮುಟ್ಟಿದರು, ರೆಪ್ಪೆ ಮಿಸುಕಲಿಲ್ಲ. ಹುಬ್ಬಿನ ಮೇಲೆ ಹೆಬ್ಬೆರಳು ಊರಿ ನೋಯುವಂತೆ ಒತ್ತಿದರು, ಮುಖ ಕಿವುಚಲಿಲ್ಲ. ಗಂಟಲೊಳಗೆ ಸಣ್ಣ ಕೊಳವೆ ಇಳಿಸಿ ಕೆಣಕಿದರು, ಕೆಮ್ಮು ಬರಲಿಲ್ಲ. ಆಮೇಲೆ ನಾನು ಐಸ್ ನೀರು ತುಂಬಿದ ಸಿರಿಂಜ್ ಕೊಟ್ಟೆ. ಅದನ್ನು ಕಿವಿಗೆ ಬಿಟ್ಟರೆ ಬದುಕಿರುವ ಮಿದುಳು ಕಣ್ಣನ್ನು ಹೊರಳಿಸುತ್ತದೆ.

“ಅಯ್ಯೋ, ಬೆಳಿಗ್ಗೆಯಿಂದ ಬಿಸಿ ಮಾಡಿದೀನಿ, ಈಗ ಐಸ್ ನೀರು ಹುಯ್ತೀರಲ್ಲ!” ಎಂದು ಅವಳು ಕಿರುಚಿದಳು. ಕಣ್ಣುಗಳು ಇದ್ದಲ್ಲೇ ಇದ್ದವು.

ಕೊನೆಗೆ ಉಸಿರಾಟದ ಯಂತ್ರ ಬಿಡಿಸಿ, ಕೊಳವೆಯಲ್ಲಿ ಆಮ್ಲಜನಕ ಮಾತ್ರ ಬಿಟ್ಟು, ಎದೆ ಏಳುತ್ತದೆಯೇ ಎಂದು ಕಾದೆವು. ಹತ್ತು ನಿಮಿಷ. “ಎಳ್ಕೊಳೋ ಕುಳ್ಳ, ಒಂದೇ ಒಂದು ಸಲ ಎಳ್ಕೊಳೋ” ಎಂದು ಅವಳು ಮೆಲ್ಲಗೆ ಹೇಳುತ್ತಲೇ ಇದ್ದಳು. ಎದೆ ಏಳಲಿಲ್ಲ. ಪರೀಕ್ಷೆಗೆ ರಕ್ತ ತೆಗೆದುಕೊಂಡು ಮತ್ತೆ ಯಂತ್ರ ಜೋಡಿಸಿದೆವು.

“ಆರು ಗಂಟೆ ಬಿಟ್ಟು ಇನ್ನೊಂದ್ಸಲ ಮಾಡ್ಬೇಕು. ಆಗಲೂ ಹೀಗೇ ಇದ್ರೆ ಅದೇ ಕೊನೆ” ಎಂದರು ದೊಡ್ಡ ಡಾಕ್ಟರು. ನನ್ನ ಕಡೆ ತಿರುಗಿ “ಮೈ ತಣ್ಣಗಾಗೋಕೆ ಬಿಡ್ಬೇಡಿ” ಎಂದು ಹೋದರು.

ಅವಳು ತಮ್ಮನ ಕಿವಿಯಿಂದ ಇಳಿದಿದ್ದ ಐಸ್ ನೀರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದಳು.

“ಬೆಳಿಗ್ಗೆಯಿಂದ ನಾನು ಉಜ್ಜಿದ್ದು ಇದಕ್ಕಾ?”

“ಹೌದಕ್ಕ. ಮೊದ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ.”

“ತಣ್ಣಗಿದ್ದಿದ್ರೆ ಸತ್ತ ಅಂತ ಬರೆಯೋ ಹಾಗಿರ್ಲಿಲ್ಲ, ಅಲ್ವಾ?”

“ಇರ್ಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಎರಡನೇ ಹಾಸಿಗೆಯ ಅಜ್ಜನ ಕೆಲಸ ಮುಗಿಸಿ ತಿರುಗಿದಾಗ ಬಿಸಿಗಾಳಿ ಯಂತ್ರದ ಸದ್ದು ಇರಲಿಲ್ಲ. ಗೋಡೆಯ ಸ್ವಿಚ್ ಆಫ್ ಆಗಿತ್ತು. ಹೊದಿಕೆ ಮಡಿಸಿ ಹಾಸಿಗೆಯ ಕಾಲ್ದೆಸೆಗೆ ಇಟ್ಟಿತ್ತು. ಅಂಗಿ ಮಡಿಸಿದಷ್ಟೇ ನೀಟಾಗಿ ಮಡಿಸಿದ್ದಳು. ಮಾನಿಟರ್ ಮೂವತ್ತೈದೂಕಾಲು ತೋರಿಸುತ್ತಿತ್ತು. ಅವಳು ತಮ್ಮನನ್ನು ಮುಟ್ಟದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನಾನು ಸ್ವಿಚ್ಚಿಗೆ ಕೈ ಚಾಚಿದೆ.

“ಮುಟ್ಬೇಡಿ.”

“ಅಕ್ಕ, ಹೀಗ್ ಮಾಡಿದ್ರೆ ಒಂದೆರಡು ದಿನ ಮುಂದಕ್ಕೆ ಹೋಗುತ್ತೆ ಅಷ್ಟೇ. ಆಮೇಲೆ ಎದೆಬಡಿತಾನೂ ತಾನಾಗೇ ನಿಲ್ಲುತ್ತೆ. ಇವರು ವಾಪಸ್ ಬರಲ್ಲ.” ಈ ಸಲ ಪೂರ್ತಿ ಹೇಳಿದೆ.

“ಗೊತ್ತು. ಒಂದೆರಡು ದಿನಾನೇ ಇರ್ಲಿ. ನಿಮ್ ಗಂಟೇನ್ ಹೋಗುತ್ತೆ?”

ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಅವಳ ಕೈಯಲ್ಲೇ ಅವಳ ತಮ್ಮನನ್ನು ಆ ಪರೀಕ್ಷೆಗೆ ತಯಾರು ಮಾಡಿಸಿದವಳು ನಾನು. ಈಗ ಯಾವ ಮುಖ ಇಟ್ಟುಕೊಂಡು ಅವಳ ಕೈ ತಡೆಯಲಿ? ಚಾರ್ಟಿನಲ್ಲಿ ಅಂಕಿ ಬರೆದೆ. ಸ್ವಿಚ್ಚಿನ ವಿಷಯ ಬರೆಯಲಿಲ್ಲ. ಕೆಲಸ ಹೋಗುವಂಥ ತಪ್ಪು ಅದು. ಹೋದರೆ ಹೋಗಲಿ ಎನಿಸಿತು.

ಮೂವತ್ತೈದು ಆಯಿತು. ಅದಕ್ಕೂ ಕೆಳಗೆ ಇಳಿಯಿತು. ಅವಳು ಅಂಕಿಯನ್ನೇ ನೋಡುತ್ತಿದ್ದಳು. ಒಮ್ಮೆ ಬಗ್ಗಿ ಅವನ ಪಾದಕ್ಕೆ ಅಂಗೈ ಇಟ್ಟಳು, ತಕ್ಷಣ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಇಟ್ಟಳು. ಈ ಸಲ ತೆಗೆಯಲಿಲ್ಲ.

ನಾಲ್ಕು ಗಂಟೆಗೆ ನಾನು ಅಜ್ಜನಿಗೆ ಔಷಧಿ ಹಾಕುತ್ತಿದ್ದಾಗ ಬೆನ್ನ ಹಿಂದೆ ಗಾಳಿ ಬೀಸುವ ಸದ್ದು ಕೇಳಿತು. ತಿರುಗಿ ನೋಡಿದರೆ ಅವಳು ಗೋಡೆಯ ಹತ್ತಿರ ನಿಂತಿದ್ದಳು. ಹೊದಿಕೆಯನ್ನು ಬಿಡಿಸಿ, ಅವನ ಗಲ್ಲದವರೆಗೆ ಎಳೆದು, ಅಂಚುಗಳನ್ನು ಒಳಗೆ ಸೇರಿಸಿದ್ದಳು. ವಾಪಸ್ ಬಂದು ಕೂತು ಅವನ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು.

“ಇವನ್ನ ಒಂದಿನಾನೂ ಚಳೀಲಿ ಮಲಗ್ಸಿದೋಳಲ್ಲ ನಾನು” ಎಂದಳು. ಆಮೇಲೆ ಅತ್ತಳು. ನಾನೂ ಹತ್ತಿರ ಹೋಗಿ ನಿಂತು ಅತ್ತೆ.

ಆರಕ್ಕೆ ಹತ್ತು ನಿಮಿಷ ಇರುವಾಗ ಅವಳೇ ನನ್ನನ್ನು ಕರೆದಳು.

“ಮೂವತ್ತಾರು ಆಯ್ತು ಸಿಸ್ಟರ್. ಡಾಕ್ಟ್ರಿಗೆ ಹೇಳಿ.”

ನಾನು ಫೋನ್ ಮಾಡಿ ಬರುವಷ್ಟರಲ್ಲೂ ಅವಳು ಉಜ್ಜುವುದನ್ನು ನಿಲ್ಲಿಸಿರಲಿಲ್ಲ.